ನೀಲಿ ಶಾಯಿಯ ಏಳು ಸಾಲು

ಆ ಸೀರೆಗೆ ತಾನಾಗಿ ಬೆಂಕಿ ಹತ್ತಿದ್ದನ್ನು ನಾನು ನೋಡಿರಲಿಲ್ಲ. ನೋಡಿದೆ ಎಂದು ಬರೆದೆ. ಅದೂ ನೀಲಿ ಶಾಯಿಯಲ್ಲಿ.

ನಮ್ಮ ಕಟ್ಟಿನ ಹಳೆಯ ಓದುಗರಿಗೆ ಇಷ್ಟು ಹೇಳಿದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಆದರೆ ಇದನ್ನು ಓದಬೇಕಾದ ಒಬ್ಬ ಹುಡುಗಿಗೆ ನಮ್ಮ ಕಟ್ಟಿನ ರೀತಿ-ನೀತಿ ಗೊತ್ತಿಲ್ಲ. ಅವಳಿಗಾಗಿ ಮೊದಲಿಂದ ಹೇಳಬೇಕು. ಹೇಳಲು ದಣಿವಾಗುತ್ತದೆ — ಹದಿನಾಲ್ಕು ವರ್ಷ ಹೇಳದೆ ಇದ್ದುದರ ದಣಿವು ಇದಕ್ಕಿಂತ ದೊಡ್ಡದು.

ಎಪ್ಪತ್ತರ ದಶಕದ ಮೊದಲಲ್ಲಿ ನಾವು ಒಂಬತ್ತು ಮನೆಯ ಹೆಂಗಸರು ಸೇರಿ ಒಂದು ಕೈಬರಹದ ಪತ್ರಿಕೆ ಶುರು ಮಾಡಿದೆವು. ಬಳ್ಳಾರಿಯಲ್ಲಿ ಐದು ಮನೆ, ಸಿರುಗುಪ್ಪದಲ್ಲಿ ಎರಡು, ಕುರುಗೋಡಿನಲ್ಲಿ ಎರಡು. ಪತ್ರಿಕೆ ಎಂದರೆ ದೊಡ್ಡ ಮಾತಾಯಿತು. ಉದ್ದ ಹಾಳೆಗಳನ್ನು ದಾರದಲ್ಲಿ ಹೊಲಿದು, ಕೆಂಪು ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದೆವು. ಎಲ್ಲರೂ ಅದನ್ನು ಕಟ್ಟು ಎನ್ನುತ್ತಿದ್ದರು. ಊರೂರಿಗೆ ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಹೋಗುತ್ತಿತ್ತು. ಒಂದೊಂದು ಮನೆಯಲ್ಲಿ ಮೂರು ದಿನ. ಓದಿದವರು ಹಿಂದಿನ ಖಾಲಿ ಹಾಳೆಯಲ್ಲಿ ತಮ್ಮ ಮಾತು ಬರೆದು ಮುಂದಕ್ಕೆ ಕಳಿಸಬೇಕು. ಒಬ್ಬರನ್ನೊಬ್ಬರು ಮುಖ ನೋಡದವರೂ ಆ ಹಿಂದಿನ ಹಾಳೆಯಲ್ಲಿ ಜಗಳವಾಡುತ್ತಿದ್ದರು, ಬಾಣಂತನ ವಿಚಾರಿಸುತ್ತಿದ್ದರು, ಉಪ್ಪಿನಕಾಯಿಯ ಅಳತೆ ಕೇಳುತ್ತಿದ್ದರು.

ನನ್ನ ಪಾಲಿನ ಬರಹ ಮಾಟ-ಮಂತ್ರದ್ದು. ಯಾಕೆ ಅದೇ ಎಂದು ನಮ್ಮನೆಯವರು ಎಷ್ಟೋ ಸಲ ನಕ್ಕಿದ್ದುಂಟು — "ಕಾನ್ವೆಂಟಿನಾಗ ಓದಿದಾಕಿ, ಲಿಂಬಿಹಣ್ಣು ಯಾಕ ಕೊಯ್ತಾರಂತ ಬರೀತಾಳ." ನನಗೆ ಅದರ ಭಯವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ; ಕುತೂಹಲ ಇತ್ತು. ದೃಷ್ಟಿ ತೆಗೆಯುವಾಗ ಕೆಲವು ಮನೆಯಲ್ಲಿ ಉಪ್ಪು, ಕೆಲವು ಮನೆಯಲ್ಲಿ ಪೊರಕೆಕಡ್ಡಿ ಯಾಕೆ, ತಾಯಿತದ ತಗಡಿನಲ್ಲಿ ಏನು ಕೊರೆದಿರುತ್ತದೆ — ಇಂಥದ್ದು. ಲೈಬ್ರರಿಯಿಂದ ಹಳೆಯ ಇಂಗ್ಲಿಷ್ ಪುಸ್ತಕ ತರಿಸಿ ಓದುತ್ತಿದ್ದೆ. ತೆಲುಗಿನ ಮಂತ್ರ-ಯಂತ್ರಗಳ ಪುಸ್ತಕವನ್ನು ನಮ್ಮತ್ತೆ ಓದಿ ಅರ್ಥ ಹೇಳುತ್ತಿದ್ದರು. ಕೌಲ್ ಬಜಾರಿನಲ್ಲಿ ದಾರ ಮಂತ್ರಿಸಿ ಕಟ್ಟುತ್ತಿದ್ದ ಮುದುಕರ ಮುಂದೆ ಮೂರು ಮಧ್ಯಾಹ್ನ ಕೂತು ಗಂಟುಗಳನ್ನು ಎಣಿಸಿ ಬರೆದುಕೊಂಡಿದ್ದೆ. "ಬೇಟಿ, ನೀ ಪೊಲೀಸರ ಕಡಿಂದ ಬಂದೀಯೇನು?" ಎಂದು ಅವರು ಕೇಳಿದ್ದನ್ನೂ ಬರೆದಿದ್ದೆ.

ಎರಡು ಶಾಯಿಯ ಪದ್ಧತಿ ನನ್ನದೇ. ಕಾನ್ವೆಂಟಿನಲ್ಲಿ ಗಿಡ-ಹಕ್ಕಿಗಳ ಪಾಠ ಮಾಡುತ್ತಿದ್ದ ಸಿಸ್ಟರ್ ಒಬ್ಬರು ನೋಟ್‌ಬುಕ್ಕಿನಲ್ಲಿ ಕಣ್ಣಾರೆ ಕಂಡದ್ದನ್ನು ನೀಲಿಯಲ್ಲಿ, ಕೇಳಿದ್ದನ್ನೂ ಓದಿದ್ದನ್ನೂ ಕಪ್ಪಿನಲ್ಲಿ ಬರೆಸುತ್ತಿದ್ದರು. ತಪ್ಪಿದರೆ ಇಡೀ ಪುಟ ಹರಿದುಹಾಕಿಸುತ್ತಿದ್ದರು. ಅದನ್ನೇ ನಾನು ಕಟ್ಟಿಗೂ ತಂದೆ. ಒಂಬತ್ತು ಮನೆಗೂ ಅದು ಆಣೆಯಷ್ಟು ಗಟ್ಟಿಯಾಯಿತು. "ಕಾನ್ವೆಂಟ್ ಅಕ್ಕಾರು ನೀಲ್ಯಾಗ ಬರದ್ರ ಮುಗೀತು" — ಇದು ಹಿಂದಿನ ಹಾಳೆಯಲ್ಲಿ ಯಾರೋ ಬರೆದದ್ದು. ಓದಿ ನಾನು ಹಿಗ್ಗಿದ್ದೆ.

ಆದರೆ ಮೂರು ವರ್ಷದಲ್ಲಿ ನನ್ನ ಬರಹ ಬಹುಪಾಲು ಕಪ್ಪೇ. ನೀಲಿಯಲ್ಲಿ ದಾರದ ಗಂಟು, ಲಿಂಬೆಹಣ್ಣಿನ ಹೋಳು, ಇಷ್ಟೇ. ಕುರುಗೋಡಿನ ಒಬ್ಬ ಓದುಗರು, ಮೇಷ್ಟರ ಹೆಂಡತಿ, ಒಮ್ಮೆ ಬರೆದರು: "ಅಕ್ಕಾರ, ಮೂರು ವರ್ಷ ಆತು, ಒಂದಾದ್ರೂ ದೆವ್ವ ನಿಮ್ಮ ಕಣ್ಣಿಗೆ ಬೀಳವಲ್ದಲ್ರಿ. ನಿಮ್ಮ ಚಸ್ಮಾ ಬದಲ್ ಮಾಡ್ರಿ." ಅದರ ಕೆಳಗೆ ನಾಲ್ಕು ಮನೆಯವರು ನಕ್ಕು ಬರೆದಿದ್ದರು. ನಾನೂ ನಕ್ಕೆ. ಆ ನಗೆ ಒಳಗೆ ಎಲ್ಲೋ ಮುಳ್ಳಾಗಿ ಉಳಿದಿತ್ತು — ಅದು ನನಗೆ ಆಮೇಲೆ ತಿಳಿಯಿತು.

ಆ ಚಳಿಗಾಲದಲ್ಲಿ ಸಿರುಗುಪ್ಪದ ಶಾಂತಕ್ಕ ಹಿಂದಿನ ಹಾಳೆಯಲ್ಲಿ ಬರೆದರು: "ನಮ್ಮ ಮನ್ಯಾಗ ಭಾನಾಮತಿ ಸುರು ಆಗೇತಿ. ಒಣಹಾಕಿದ ಸೀರಿ ತಾವs ಸುಡತಾವ. ಬಂದು ನೋಡ್ರಿ." ಶಾಂತಕ್ಕನ ಗಂಡನದು ಅಕ್ಕಿ ಗಿರಣಿ. ಮನೆ ಗಿರಣಿಯ ಹಿಂದೆಯೇ.

ನಾನು ಹೊರಟೆ. ಖುಷಿಯಿಂದಲೇ ಹೊರಟೆ. ತೆಕ್ಕಲಕೋಟೆ ದಾಟಿದ ಮೇಲೆ ಕಾಲುವೆ ನೀರಿನ ಗದ್ದೆ ಎರಡೂ ಕಡೆ. ಬಸ್ಸಿನಲ್ಲಿ ಕೂತು ನಾನು ಎರಡೂ ಪೆನ್ನಿಗೆ ಶಾಯಿ ತುಂಬಿದೆನೇ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ.

ಎರಡು ದಿನ ಅಲ್ಲಿದ್ದೆ. ಏನೂ ಆಗಲಿಲ್ಲ. ಶಾಂತಕ್ಕ ಸುಟ್ಟ ಸೀರೆಗಳನ್ನು ಹಾಸಿಗೆಯ ಮೇಲೆ ಹರಡಿ ತೋರಿಸಿದರು. ಆರು ಸೀರೆ, ಆರೂ ಹೊಸ ನೈಲಾನ್.

"ನೋಡ್ರಿ, ನೈಲಾನ್ ತಂದ್ರ ದೆವ್ವಕ್ಕೂ ಹೊಟ್ಟಿಕಿಚ್ಚು," ಎಂದು ಅವರು ನಗಲು ಹೋಗಿ ಅತ್ತರು. ಮತ್ತೆ ದನಿ ತಗ್ಗಿಸಿ, ಅಡುಗೆಮನೆಯ ಕಡೆ ಹುಬ್ಬು ಹಾರಿಸಿ, "ಅಕೀ ಸೀರಿ ಒಂದೂ ಸುಟ್ಟಿಲ್ಲ. ಒಂದs ಹಗ್ಗ, ಒಂದs ಬಿಸಿಲು. ನೀವs ವಿಚಾರ ಮಾಡ್ರಿ," ಎಂದರು.

ಅಕಿ ಎಂದರೆ ಪಾರ್ವತಿ. ಶಾಂತಕ್ಕನ ಓರಗಿತ್ತಿ, ತೀರಿಹೋದ ಮೈದುನನ ಹೆಂಡತಿ. ಕುರುಗೋಡಿನ ಹುಡುಗಿ. ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇರಬೇಕು. ನಾಲ್ಕು ವರ್ಷದ ಮಗಳು ಸುಮಾ. ಗಂಡ ಸತ್ತು ವರ್ಷವಾಗಿತ್ತು. ಉಡುತ್ತಿದ್ದುದು ತೊಳೆದು ತೊಳೆದು ಬಣ್ಣ ಹೋದ ಹತ್ತಿಯ ಸೀರೆಗಳು.

ಈಗ ನಾನು ಹೇಳಬೇಕಾದ್ದು — ನನಗೆ ಅದು ಮೊದಲ ದಿನವೇ ತಿಳಿಯಿತು. ಕಾನ್ವೆಂಟಿನ ಹೊಲಿಗೆ ತರಗತಿಯಲ್ಲಿ ದಾರದ ಎಳೆ ಸುಟ್ಟು ಬಟ್ಟೆ ಗುರುತಿಸುವುದನ್ನು ಕಲಿಸುತ್ತಿದ್ದರು. ಹತ್ತಿ ಸುಟ್ಟರೆ ಕಾಗದದ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ನೈಲಾನ್ ಸುಡುವುದಿಲ್ಲ, ಕರಗುತ್ತದೆ. ಅಂಚು ಮಣಿಯ ಹಾಗೆ ಗಟ್ಟಿಯಾಗುತ್ತದೆ. ಶಾಂತಕ್ಕನ ಸೀರೆಯ ತೂತುಗಳ ಅಂಚನ್ನು ಬೆರಳಲ್ಲಿ ಸವರಿದೆ. ಮಣಿ. ಆಮೇಲೆ ಹಿತ್ತಲಿಗೆ ಹೋಗಿ ಹಗ್ಗದ ಕೆಳಗೆ ಬಗ್ಗಿ ನೋಡಿದೆ. ನೆಲದ ಮೇಲೆ ಸುಟ್ಟ ಭತ್ತದ ಹೊಟ್ಟಿನ ಕಪ್ಪು ಚೂರುಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ತಲೆಯೆತ್ತಿದರೆ ಗಿರಣಿಯ ಹೊಗೆಗೊಳವೆ. ಭತ್ತ ಕುದಿಸಲು ಹೊಟ್ಟು ಉರಿಸುವ ಹೊಸ ಒಲೆ ಹಾಕಿಸಿ ಎರಡು ತಿಂಗಳಾಗಿತ್ತು — ಭಾನಾಮತಿಗೂ ಅಷ್ಟೇ ವಯಸ್ಸು. ಹಗ್ಗದ ಮೇಲಿದ್ದ ಪಾರ್ವತಿಯ ಸೀರೆಯನ್ನು ಬೆಳಕಿಗೆ ಹಿಡಿದೆ. ಅಲ್ಲಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ. ಕಿಡಿ ಹತ್ತಿಯ ಮೇಲೂ ಬಿದ್ದಿತ್ತು, ಬಿದ್ದು ಆರಿತ್ತು.

ಇಷ್ಟನ್ನು ನೀಲಿಯಲ್ಲಿ ಬರೆದಿದ್ದರೆ ಅದು ನಾನು ಬರೆದ ಅತ್ಯುತ್ತಮ ಲೇಖನವಾಗುತ್ತಿತ್ತು. ಈಗ ಅನಿಸುತ್ತದೆ. ಆಗ ಅನಿಸಿದ್ದು ಬೇರೆ — ಅಯ್ಯೋ, ಹೊಟ್ಟಿನ ಕಿಡಿಯೇ, ಇಷ್ಟೇನೇ... ಎಂದು. ಮೂರು ವರ್ಷ ಕಾದು ಕಣ್ಣಿಗೆ ಬಿದ್ದದ್ದು ಬೂದಿ.

ಎರಡನೆಯ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಪಾರ್ವತಿಯ ಜೊತೆ ಕೂತು ತೊಗರಿಕಾಯಿ ಸುಲಿದೆ. ಅವಳು ಬೇಗ ಮಾತಾಡುವವಳಲ್ಲ. ನಾನು ಎಳೆಯ ಕಾಯಿಯನ್ನೂ ಸುಲಿದು ಹಾಕುತ್ತಿದ್ದುದನ್ನು ನೋಡಿ, "ಅಕ್ಕಾರ, ಅದು ಇನ್ನಾ ಕೂಸು ಐತಿ, ಬಿಡ್ರಿ," ಎಂದಳು. ಇಬ್ಬರೂ ನಕ್ಕೆವು. ನಡುವೆ ಎದ್ದು ಕಿಟಕಿಗೆ ಹೋಗಿ ನಿಂತಳು. ಹಿತ್ತಲಲ್ಲಿ ಸುಮಾ ಆಡುತ್ತಿದ್ದಳು, ಹಗ್ಗಕ್ಕೆ ಹಾಕಿದ ಸೀರೆಗಳ ನಡುವೆ ನುಸುಳಿ ನುಸುಳಿ. "ಲೇ ಸುಮಿ, ಬಿಸಲಾಗ ನಿಂದ್ರಬ್ಯಾಡ," ಎಂದು ಕೂಗಿ ಬಂದು ಮತ್ತೆ ಕೂತಳು. ಗಡಿಯಾರದಲ್ಲಿ ಎರಡು ಗಂಟೆ ಹೊಡೆದದ್ದು ನನಗೆ ನೆನಪಿದೆ.

ಹೊರಡುವಾಗ ಶಾಂತಕ್ಕ ಉಡಿ ತುಂಬಿ, "ಬರೀತೀರಲ್ರಿ?" ಎಂದರು. ನಾನು ಹೂಂ ಎಂದೆ. ಮತ್ತೆ, "ನೈಲಾನ್ ಬಿಸಿಲಿಗೆ ಬಣ್ಣ ಹೋಗತೈತ್ರಿ. ಪಡಸಾಲ್ಯಾಗ ಒಣ ಹಾಕ್ರಿ," ಎಂದೆ. ಗಮನಿಸಿ — ಅಷ್ಟು ತಿಳಿದಿತ್ತು ನನಗೆ. ಸೀರೆ ಉಳಿಯುವ ದಾರಿ ಹೇಳಿದೆ. ಯಾಕೆ ಎಂದು ಹೇಳಲಿಲ್ಲ.

ಬಳ್ಳಾರಿಗೆ ಬಂದು ಬರೆದೆ. ಭಾನಾಮತಿಯ ಬಗ್ಗೆ ಹದಿನಾಲ್ಕು ಪುಟ. ಕಪ್ಪಿನಲ್ಲಿ ಬರೆದದ್ದೆಲ್ಲ ಸರಿಯಾಗಿತ್ತು. ಯಾರಿಂದ ಕೇಳಿದ್ದು, ಎಲ್ಲಿ ಓದಿದ್ದು, ಎಲ್ಲ. ಹನ್ನೊಂದನೆಯ ಪುಟದ ಹೊತ್ತಿಗೆ ಪೆನ್ನು ಬದಲಾಯಿಸಿದೆ. ಆ ಏಳು ಸಾಲು ನನಗೆ ಬಾಯಿಪಾಠ:

"ಮಧ್ಯಾಹ್ನ ಎರಡು ಗಂಟೆ. ಗಾಳಿ ಇರಲಿಲ್ಲ. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಹಗ್ಗದ ಮೇಲಿದ್ದ ಸೀರೆಯ ಸೆರಗಿನಲ್ಲಿ ನಾಲ್ಕಾಣೆಯಷ್ಟು ಅಗಲದ ಕೆಂಪು ಉಂಗುರವೊಂದು ತಾನಾಗಿ ಹೊತ್ತಿ, ತಾನಾಗಿ ಆರಿತು. ಹತ್ತಿರ ಯಾರೂ ಇರಲಿಲ್ಲ. ಆ ಹೊತ್ತಿನಲ್ಲಿ ಮನೆಯ ಕಿರಿಯ ಸೊಸೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅತ್ತಲೇ ನೋಡುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು."

ಕೊನೆಯ ಎರಡು ವಾಕ್ಯ ನಿಜ. ಅವಳು ನಿಂತಿದ್ದಳು, ನೋಡುತ್ತಿದ್ದಳು, ತುಟಿ ಅಲುಗಿತ್ತು — ಮಗಳನ್ನು ಕರೆಯುತ್ತಿದ್ದಳು. ಚಿಕ್ಕ ಚಿಕ್ಕ ವಿವರ ಗಮನಿಸುವುದು ನನ್ನ ಗುಣ ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಗುಣವನ್ನು ಸುಳ್ಳಿಗೆ ಗಾರೆಯಾಗಿ ಹಚ್ಚಿದೆ.

ಬರೆಯುವಾಗ ಅವಳಿಗೆ ಕೇಡಾಗಲಿ ಎಂಬ ಯೋಚನೆ ನನ್ನಲ್ಲಿತ್ತೇ? ಇರಲಿಲ್ಲ ಎಂದೇ ಎಷ್ಟೋ ವರ್ಷ ನನಗೆ ನಾನು ಹೇಳಿಕೊಂಡೆ. ನಿಜ ಇನ್ನೂ ಕೀಳು — ಅವಳ ಯೋಚನೆಯೇ ಇರಲಿಲ್ಲ. ಕುರುಗೋಡಿನ ಮೇಷ್ಟರ ಹೆಂಡತಿ ಓದಿ ಏನು ಬರೆಯಬಹುದು ಎಂಬುದಷ್ಟೇ ಇತ್ತು.

ಅವರು ಬರೆದರು: "ಅಕ್ಕಾರ, ಮೈ ಜುಮ್ ಅಂತು. ಚಸ್ಮಾದ ಮಾತು ವಾಪಸ್ ತೊಗೊಂಡೀನಿ."

ಕಟ್ಟು ಸಿರುಗುಪ್ಪಕ್ಕೆ ಹೋಗಿ ಬಂದಾಗ ಹಿಂದಿನ ಹಾಳೆಯಲ್ಲಿ ಶಾಂತಕ್ಕನ ದುಂಡು ಅಕ್ಷರ: "ನಿಮ್ಮ ಬರಹ ನಮ್ಮ ಯಜಮಾನ್ರು ಹಿರೇರ ಮುಂದ ಓದಿದ್ರು. ಕಾನ್ವೆಂಟ್ ಅಕ್ಕಾರು ಸುಳ್ಳು ಬರಿಯಂಗಿಲ್ಲ ಅಂತ ನಾನs ಹೇಳಿದೆ. ಅಕಿನ್ನ ತೌರಿಗೆ ಕಳಿಸಿಬಿಟ್ಟಿವಿ. ಕೂಸು ನಮ್ಮ ವಂಶದ್ದು, ಇಟ್ಕೊಂಡೀವಿ. ಅಕಿ ಹೋದ ದಿನದಿಂದs ನೀವು ಹೇಳಿದಂಗ ಪಡಸಾಲ್ಯಾಗ ಒಣ ಹಾಕಾಕ ಹತ್ತೀನಿ. ಇವತ್ತಿನ ತನಕ ಒಂದು ತೂತಿಲ್ಲ. ನಿಮ್ಮ ಉಪಕಾರ ಮರಿಯಂಗಿಲ್ಲ."

ಒಂದೇ ಉಸಿರಿನಲ್ಲಿ ಎರಡನ್ನೂ ಬರೆದಿದ್ದರು, ಪಾಪ, ಎರಡನ್ನೂ ಕೂಡಿಸಿ ನೋಡಲಿಲ್ಲ. ನಾನು ನೋಡಿದೆ. ಅಕ್ಕಿ ಆರಿಸುತ್ತಿದ್ದ ಮೊರ ಮಡಿಲಲ್ಲಿತ್ತು. ಆರಿಸಿದ ಕಲ್ಲುಗಳನ್ನು ಮತ್ತೆ ಅಕ್ಕಿಗೇ ಹಾಕುತ್ತಿದ್ದೆ.

ಮುಂದಿನ ಕಟ್ಟಿನಲ್ಲಿ ಒಂದು ಸಾಲು ಬರೆದರೆ ಆಗುತ್ತಿತ್ತು. ಬರೆದೆ ಕೂಡ. ಎರಡು ಸಲ ಬರೆದು, ಎರಡು ಸಲ ಒಲೆಗೆ ಹಾಕಿದೆ. ಒಂದು ನೀಲಿ ಸಾಲು ಸುಳ್ಳೆಂದರೆ ಮೂರು ವರ್ಷದ ನೀಲಿಯೆಲ್ಲ ಹೋಯಿತಲ್ಲ — ಇದು ನನ್ನ ಲೆಕ್ಕ. ಒಬ್ಬ ತಾಯಿ, ಒಂದು ಮಗು ಆ ಲೆಕ್ಕದಲ್ಲಿ ಬರಲೇ ಇಲ್ಲ.

ಬೇಸಿಗೆಯಲ್ಲಿ ಅವಳೇ ಬಂದಳು. ಕೌಲ್ ಬಜಾರಿನ ಅಂಚಿನ ನಮ್ಮ ಮನೆಯನ್ನು ಕೇಳಿ ಕೇಳಿ ಹುಡುಕಿಕೊಂಡು, ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಬಳ್ಳಾರಿಯ ಬಿಸಿಲು, ಆ ಹೊತ್ತಿನಲ್ಲಿ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಕಟ್ಟೆಯ ಮೇಲೆ ಕೂತಳು, ಒಳಗೆ ಬರಲಿಲ್ಲ. ನೀರು ಕೊಟ್ಟೆ. ಚೀಲದಿಂದ ಒಂದು ಸೀರೆ ತೆಗೆದು ಮೊಣಕಾಲ ಮೇಲೆ ಹರಡಿದಳು.

"ನನ್ನ ಸೀರಿಗೂ ಚುಕ್ಕಿ ಬಿದ್ದಾವ್ರಿ ಅಕ್ಕಾರ. ನೋಡ್ರಿ. ಗಿರಣಿದು ಇರಬೇಕಂತ ನನಗ ಅನಸ್ತೈತಿ. ನಾ ಹೇಳಿದ್ರ ಯಾರು ಕೇಳ್ತಾರ?"

ನಾನು ಸೀರೆ ನೋಡಲಿಲ್ಲ. ಅವಳ ಕಾಲಿನ ಧೂಳು ನೋಡುತ್ತಿದ್ದೆ.

"ನೀವು ಹಿತ್ತಲ ಬಾಗಲಾಗ ನಿಂತಿದ್ರಿ ಅಂತ ಬರದೀರಂತ. ಓದಿ ಹೇಳಿದ್ರು. ನೀವು ನನ್ನ ಮಗ್ಗಲಕ ಕುಂತಿದ್ರಲ್ರಿ, ತೊಗರಿಕಾಯಿ ಸುಲಕೋತ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲೋ ನನ್ನ ನೆನಪು ತಪ್ಪಿರಬೇಕು, ನೆನಪಿಸಿದರೆ ಸರಿಹೋಗುತ್ತದೆ ಎಂಬ ಹಾಗೆ ಕೇಳಿದಳು. "ಒಂದು ಸಾಲು ಬರದು ಕೊಡ್ರಿ ಅಕ್ಕಾರ. ಒಂದs ಸಾಲು. ಸುಮಿನ್ನ ಕರ್ಕೊಂಡು ಬರ್ತೀನಿ. ಅಕಿ ನನ್ನ ಬಿಟ್ಟು ಉಣ್ಣಂಗಿಲ್ರಿ."

ಒಳಗೆ ಅತ್ತೆ ಕೆಮ್ಮಿದರು. ಮೂಲೆಮನೆಯವರ ಕಿಟಕಿ ತೆರೆದಿತ್ತು. ನಾನು ಹೇಳಿದೆ —

"ನಾ ನೋಡಿದ್ದನ್ನs ಬರದೀನಿ, ಪಾರ್ವತಿ."

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಸೀರೆಯನ್ನು ಮಡಿಕೆ ತಪ್ಪದ ಹಾಗೆ ಮಡಿಸಿ ಚೀಲಕ್ಕಿಟ್ಟಳು. ಕುಡಿದ ತಂಬಿಗೆಯನ್ನು ನಲ್ಲಿಯಲ್ಲಿ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು. ಆ ತಂಬಿಗೆಯ ಸುತ್ತ ನೀರಿನ ಉಂಗುರ ಆರುವ ತನಕ ನಾನು ಅಲ್ಲೇ ನಿಂತಿದ್ದೆ. ನಾಲ್ಕಾಣೆಗಿಂತ ಬಹಳ ದೊಡ್ಡದಿತ್ತು.

ಆಮೇಲೂ ಎರಡು ವರ್ಷ ಕಟ್ಟು ಓಡಿತು. ನಾನು ನೀಲಿಯಲ್ಲಿ ಮತ್ತೆ ಬರೆಯಲಿಲ್ಲ. "ಯಾಕ, ನೀಲಿ ಇಂಕಿಗೆ ರೇಷನ್ ಬಂತೇನು?" ಎಂದು ನಮ್ಮನೆಯವರು ಕೇಳಿದರು. ನಕ್ಕೆ. ಒಬ್ಬೊಬ್ಬರಾಗಿ ಓದುಗರು ಕಡಿಮೆಯಾದರು, ಕಟ್ಟು ನಿಂತಿತು. ಒಮ್ಮೆ ಕುರುಗೋಡಿಗೆ ಹೋಗಿದ್ದೆ, ಹೇಳಿಬಿಡಬೇಕೆಂದೇ. ಅಣ್ಣನ ಮನೆಯಲ್ಲಿದ್ದಾಳೆ, ರವಿಕೆ ಹೊಲಿಯುತ್ತಾಳೆ ಎಂದು ತಿಳಿದಿತ್ತು. ಓಣಿಯ ತಿರುವಿನ ತನಕ ಹೋದೆ. ಹೊಲಿಗೆ ಯಂತ್ರದ ಸದ್ದು ಕೇಳಿತು. ಸದ್ದು ನಿಂತ ಕೂಡಲೇ ತಿರುಗಿ ಬಂದೆ — ಅವಳು ಹೊರಗೆ ಬಂದುಬಿಟ್ಟಾಳು ಎಂದು.

ಹೋದ ತಿಂಗಳು ಶಾಂತಕ್ಕ ನಮ್ಮ ಮನೆಗೆ ಬಂದಿದ್ದರು. ಕೂದಲು ಬೆಳ್ಳಗಾಗಿದೆ, ಮಾತು ಹಾಗೇ ಇದೆ. ಸುಮಾಗೆ ಸಂಬಂಧ ನೋಡುತ್ತಿದ್ದಾರಂತೆ. "ಗಂಡಿನ ಕಡ್ಯಾರಿಗೆ ತಾಯಿ ತೀರಿಕೊಂಡಾಳ ಅಂತ ಹೇಳೀವಿ. ಇನ್ನೇನು ಹೇಳೂದ್ರಿ?" ಎಂದರು. ಹುಡುಗಿ ಏನೂ ಕೇಳುವುದಿಲ್ಲವೇ ಎಂದೆ.

"ಸಣ್ಣಾಕಿದ್ದಾಗ ಭಾಳ ಕೇಳ್ತಿದ್ಲು, ಅವ್ವ ಎಲ್ಲಿ ಅಂತ. ನಿಮ್ಮ ಬರಹ ನಾ ಅವಾಗs ನಕಲು ಮಾಡಿಸಿ ಇಟ್ಟಿದ್ದೆ, ನೀಲಿದು ನೀಲ್ಯಾಗs. ಹನ್ನೆರಡು ತುಂಬಿದ ಮ್ಯಾಲ ಅಕಿ ಕೈಯಾಗ ಕೊಟ್ಟೆ, ಓದವ್ವ ನೀನs ಅಂದೆ. ಓದಿದ್ಲು. ಅವತ್ತಿಂದ ತಾಯಿ ಸುದ್ದಿ ತಗದಿಲ್ಲ ನೋಡ್ರಿ. ಒಂದು ಮಾತು ಇಲ್ಲ. ಕಿಟಕ್ಯಾಗ ಮಾತ್ರ ನಿಂದ್ರಂಗಿಲ್ಲ, ಅದೊಂದು ಚಟ."

ಶಾಂತಕ್ಕ ಚಹಾ ಬಸಿಗೆ ಸುರಿದು ಊದುತ್ತಿದ್ದರು. ಅವತ್ತು ಕೂಡ ನಾನು ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ಟ್ರಂಕಿನಿಂದ ಹಳೆಯ ಕೆಂಪು ಬಟ್ಟೆ ತೆಗೆದೆ. ಒಣಗಿದ ಪೆನ್ನನ್ನು ಬಿಸಿನೀರಿನಲ್ಲಿ ನೆನೆಸಿಟ್ಟೆ. ಎರಡು ದಿನ ಹಿಡಿಯಿತು ಅದು ಬರೆಯಲು.

ಇದನ್ನು ಮೂರು ಪ್ರತಿ ಮಾಡಿದ್ದೇನೆ. ಒಂದು, ಉಳಿದಿರುವ ಓದುಗರಿಗೆ. ಹಿಂದಿನ ಹಾಳೆ ಖಾಲಿ ಬಿಟ್ಟಿದ್ದೇನೆ, ಏನು ಬೇಕಾದರೂ ಬರೆಯಿರಿ. ಇನ್ನೊಂದನ್ನು ನಾಳೆ ಬೆಳಗಿನ ಬಸ್ಸಿಗೆ ನಾನೇ ಸಿರುಗುಪ್ಪಕ್ಕೆ ಒಯ್ಯುತ್ತೇನೆ. ಶಾಂತಕ್ಕನ ಮುಂದೆ ಓದಿ, ಸುಮಾಳ ಕೈಗೆ ಕೊಡುತ್ತೇನೆ. ಮೂರನೆಯದು ಕುರುಗೋಡಿಗೆ. ಈ ಸಲ ಹೊಲಿಗೆ ಯಂತ್ರ ನಿಂತರೂ ತಿರುಗಿ ಬರುವುದಿಲ್ಲ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಅದೂ ಅವಳ ಮೇಲೆ ಹೊರಿಸುವ ಇನ್ನೊಂದು ಕೆಲಸವಾಗುತ್ತದೆ. ಅವಳು ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ಇಟ್ಟು ಬರುತ್ತೇನೆ.

ಇಷ್ಟು ಪುಟ ಯಾಕೆ ಬೇಕಾಯಿತೋ. ಪಾರ್ವತಿ ಕೇಳಿದ್ದು ಒಂದೇ ಸಾಲು. ಇಲ್ಲಿದೆ, ನೀಲಿಯಲ್ಲಿ:

ಆ ಮಧ್ಯಾಹ್ನ ಎರಡು ಗಂಟೆಗೆ ನಾನು ಅಡುಗೆಮನೆಯಲ್ಲಿ ಪಾರ್ವತಿಯ ಮಗ್ಗುಲಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದೆ; ಅವಳು ಎದ್ದು ಕಿಟಕಿಗೆ ಹೋದದ್ದು ಬಿಸಿಲಲ್ಲಿ ಆಡುತ್ತಿದ್ದ ಮಗಳನ್ನು ಕರೆಯಲು.